ಅಕ್ಕೋರಿಗೆ ತಪ್ಪು ಹೇಳಿಕೊಟ್ಟವನು

ತಾಕತ್ತಿದ್ದರೆ ನಂಬದೇ ಇರಿ. ಎಪ್ಪತ್ತಾರು ವರ್ಷದ ನಾನು, ತುಂಬಿದ ಚರ್ಚಿನಲ್ಲಿ, ಪಾಸ್ಟರ ಎದುರಿಗೇ ನಿಂತು, ಕೀರ್ತನೆ ಹೇಳುವಾಗ ಬೇಕಂತಲೇ ಮೂರು ಸಲ ತಪ್ಪಿದೆ. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಹಾಕುವುದಿರಲಿ, ಆರಾಧನೆ ಮುಗಿದ ಮೇಲೆ ಸಾಲಾಗಿ ಬಂದು ಕೈ ಕುಲುಕಿದರು. ಇಂಥ ಗೌರವ ಧಾರವಾಡದಲ್ಲಿ ಸರಿಯಾಗಿ ಹೇಳಿದವರಿಗೂ ಸಿಕ್ಕಿದ್ದು ನಾನು ಕಂಡಿಲ್ಲ.

ನನ್ನ ಅಕ್ಕ ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ‘ಅಕ್ಕೋರು’ ಎನ್ನುತ್ತಾರೆ. ಹಾಗಾಗಿ ಅವಳು ನನಗೆ ಅಕ್ಕ, ಉಳಿದ ಊರಿಗೆಲ್ಲ ಅಕ್ಕೋರು. ಈಗ ಅವಳಿಗೆ ಎಂಬತ್ತೆರಡು. ನಮ್ಮ ಸಭೆಯ ಸುಗ್ಗಿ ಹಬ್ಬದ ಭಾನುವಾರ ಜನ ಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲವನ್ನೂ ತಂದು ಮುಂದೆ ಇಡುತ್ತಾರೆ. ಆಮೇಲೆ ನೂರ ನಲವತ್ತೇಳನೇ ಕೀರ್ತನೆಯನ್ನು ಪುಸ್ತಕ ನೋಡದೆ ಹೇಳುವುದು ಅಕ್ಕನ ಕೆಲಸ. ನನ್ನ ತಲೆಯ ಮೇಲೆ ಕೂದಲಿದ್ದ ಕಾಲದಿಂದಲೂ ಅವಳದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ದೇವರನ್ನು ಹೊಗಳುವ ಕೀರ್ತನೆ, ಆದರೆ ಹೊಗಳಿಕೆಯ ಬಹುಪಾಲು ಅವನ ಮನೆಗೆಲಸದ್ದು. ಗಾಯಕ್ಕೆ ಪಟ್ಟಿ ಕಟ್ಟುತ್ತಾನೆ, ಮೋಡ ಹರಡಿ ಮಳೆ ತರುತ್ತಾನೆ, ಗುಡ್ಡದ ಮೇಲೆ ಹುಲ್ಲು ಬೆಳೆಸುತ್ತಾನೆ, ಕೂಗುವ ಕಾಗೆಮರಿಗೂ ಉಣ್ಣಲು ಕೊಡುತ್ತಾನೆ. ಒಂದು ಬಾಣಂತನದ ಮನೆಯಷ್ಟು ಕೆಲಸ. ನಡುವೆ, ಗಂಡಸಿನ ಕಾಲಿನ ಬಲ ಕಂಡು ದೇವರು ಮೆಚ್ಚುವುದಿಲ್ಲ ಎಂಬ ಮಾತೂ ಬರುತ್ತದೆ. ನಾನು ರಾಯಾಪುರದ ಮನೆಯಿಂದ ಗೋಕುಲ ರಸ್ತೆಯ ಕಾರ್ಖಾನೆಗೆ ದಿನಾ ಸೈಕಲ್ ತುಳಿದು, ನನ್ನ ಮೀನಖಂಡಗಳ ವರ್ಣನೆಯನ್ನು ಊಟದ ಹೊತ್ತಿನಲ್ಲೂ ಬಿಡದವನು. ಅಕ್ಕ ರೊಟ್ಟಿ ಬಡಿಯುತ್ತಲೇ ಆ ವಚನ ಹೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಹೋದ ವರ್ಷ ಹಬ್ಬದಲ್ಲಿ ಅವಳು ಮೂರನೇ ವಚನವನ್ನು ಎರಡು ಸಲ ಹೇಳಿದಳು, ನಾಲ್ಕನೆಯದನ್ನು ಬಿಟ್ಟೇಬಿಟ್ಟಳು. ಯಾರೂ ಏನೂ ಅನ್ನಲಿಲ್ಲ. ಆದರೆ ಈ ವರ್ಷ ಹಬ್ಬಕ್ಕೆ ಹದಿನೈದು ದಿನ ಇರುವಾಗ ಪಾಸ್ಟರ್ ಮನೆಗೆ ಬಂದು, ಚಹಾ ಕಪ್ಪಿನೊಳಗೆ ನೋಡುತ್ತ ಮಾತು ತೆಗೆದರು.

“ಅಕ್ಕೋರ, ಈ ಸಲ ಬುಕ್ ಹಿಡಕೊಂಡು ಓದಿದ್ರ ಹ್ಯಾಂಗ್ರಿ? ಇಲ್ಲಾಂದ್ರ ಯಾರರ ಹುಡುಗೂರು ಮೊಬೈಲ್‌ನ್ಯಾಗ ನೋಡಿ ಓದ್ತಾರ. ನಿಮಗ ತ್ರಾಸ ಆಗಬಾರದಂತ...”

“ತ್ರಾಸ ಯಾರಿಗ್ರಿ? ನನಗೋ, ನಿಮಗೋ?”

ಕಪ್ಪಿನಲ್ಲಿ ಚಹಾ ಮುಗಿದಿತ್ತು. ಆದರೂ ಪಾಸ್ಟರ್ ಕುಡಿದರು. ನಾನು ನಡುವೆ ಬಾಯಿ ಹಾಕಿದೆ. “ಇಬ್ಬರೂ ಕೂಡಿ ಹೇಳ್ತೀವ್ರಿ. ಒಂದು ವಚನ ನಾ, ಒಂದು ವಚನ ಆಕಿ. ಆಕಿ ಎಲ್ಲ್ಯರ ನಿಂತ್ರ ಬಾಜೂಕ ನಾ ಇರ್ತೀನಲ್ರಿ.”

“ನೀವರಿ?” ಪಾಸ್ಟರ ಮುಖ ಇನ್ನಷ್ಟು ಸಣ್ಣದಾಯಿತು. ಅವರ ಭಾನುವಾರದ ಉಪದೇಶ, ಅಂದರೆ ಪ್ರಸಂಗ, ಇಪ್ಪತ್ತು ನಿಮಿಷ ದಾಟಿದ ಕೂಡಲೇ ಹೊಡೆಯಲಿ ಎಂದು ಪ್ರಸಂಗಪೀಠದೊಳಗೆ ಅಲಾರಂ ಗಡಿಯಾರ ಇಟ್ಟವನು ನಾನೇ ಎಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಒಪ್ಪಿದರು. “ಆತ್ರಿ, ಇದೊಂದು ಸಲ ನೋಡೂಣು. ಈ ಸಲಾನೂ ತಪ್ಪಿದ್ರ, ಮುಂದ ಹುಡುಗೂರಿಗೆ ಬಿಟ್ಟುಬಿಡೂಣ್ರಿ.”

ಅವರು ಹೋದ ಮೇಲೆ ಅಕ್ಕ ಖಾಲಿ ಕಪ್ಪು ಎತ್ತಿಟ್ಟಳು. ಆಮೇಲೆ ಅಂದಳು, “ನಾಕನೇ ವಚನಕ್ಕ ಬಂದ್ರ ತಲಿ ಖಾಲಿ ಆಗತೈತೋ ತಮ್ಮಾ.”

ದೇವರು ನಕ್ಷತ್ರಗಳನ್ನೆಲ್ಲ ಎಣಿಸಿ, ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾನೆ ಎನ್ನುವ ವಚನ ಅದು. ಶಾಲೆ ಶುರುವಾದ ಎರಡನೇ ದಿನವೇ ಹಾಜರಿ ಪುಸ್ತಕ ಮುಚ್ಚಿಟ್ಟು ಎಲ್ಲ ಮಕ್ಕಳ ಹೆಸರು ಕೂಗುತ್ತಿದ್ದವಳು ನನ್ನ ಅಕ್ಕ. ಈಗ ದಿನಾ ಹಾಲು ತಂದುಕೊಡುವ ಪಕ್ಕದ ಮನೆಯವಳನ್ನು ‘ಏ ಇಕಿ’ ಎಂದು ಕರೆಯುತ್ತಾಳೆ.

ಅಭ್ಯಾಸ ಶುರು ಮಾಡಿದೆವು. ಅವಳು ನಿಂತಲ್ಲಿ ನಾನು ಸರಿಯಾದ ಮಾತು ಹೇಳಿಕೊಟ್ಟರೆ ಇನ್ನಷ್ಟು ಗಾಬರಿಯಾಗಿ ಮುಂದಿನದನ್ನೂ ಮರೆಯುತ್ತಿದ್ದಳು. ನಾಲ್ಕನೇ ದಿನ ನನಗೆ ಬೇಸರ ಬಂತು. ದೇವರು ಕಾಗೆಮರಿಗಳಿಗೆ ಮಿರ್ಚಿ ಭಜಿ ಕೊಡುತ್ತಾನೆ ಎಂದುಬಿಟ್ಟೆ.

“ಭಜಿ ಅಲ್ಲೋ ಮಂಗ್ಯಾ, ಆಹಾರ!” ಎಂದವಳೇ ಮುಂದಿನ ಐದು ವಚನಗಳನ್ನು ಉಸಿರು ತೆಗೆದುಕೊಳ್ಳದೆ ಹೇಳಿದಳು.

ಆ ಗಳಿಗೆಯಲ್ಲಿ ನನಗಾದ ಜ್ಞಾನೋದಯ ಯಾವ ದೊಡ್ಡ ಡಾಕ್ಟರನಿಗೂ ಆಗಿರಲಿಕ್ಕಿಲ್ಲ. ಅಕ್ಕನಿಗೆ ಸರಿಯಾದದ್ದು ಮರೆಯಬಹುದು, ಆದರೆ ತಪ್ಪನ್ನು ಕೇಳಿಸಿಕೊಂಡು ಸುಮ್ಮನಿರುವುದು ಆಗದು. ಮೂವತ್ತೈದು ವರ್ಷದ ಕೆಂಪು ಶಾಯಿ ಅದು. ಈ ಗುಟ್ಟನ್ನು ನಾನು ಅವಳಿಗೆ ಹೇಳಲಿಲ್ಲ. ಪಾಸ್ಟರಿಗಂತೂ ಇಲ್ಲವೇ ಇಲ್ಲ.

ಹಬ್ಬದ ದಿನ ಅಕ್ಕ ಗಂಜಿ ಹಾಕಿದ ಬಿಳಿ ಸೀರೆ ಉಟ್ಟಿದ್ದಳು. ಒಂದನೇ ವಚನ ನನ್ನದು, ಎರಡು ಅವಳದು, ಮೂರು ನನ್ನದು. ನಾಲ್ಕಕ್ಕೆ “ಆತನು...” ಎಂದಳು. ಮತ್ತೆ “ಆತನು...” ಎಂದಳು. ಎದುರಿಗಿದ್ದ ಕಟ್ಟಿಗೆಯ ಸ್ಟ್ಯಾಂಡನ್ನು ಅವಳ ಕೈ ಹುಡುಕಿ ಹಿಡಿಯಿತು. ಪಾಸ್ಟರ್ ಕೆಮ್ಮಿದರು.

ನಾನು ಎದೆಯುಬ್ಬಿಸಿ, ಗಟ್ಟಿಯಾಗಿ ಶುರು ಮಾಡಿದೆ: “ಆತನು ಚಿಗರಿ ಬಸ್ಸುಗಳನ್ನೆಲ್ಲ ಎಣಿಸಿ...”

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸುಗಳಿಗೆ ಅಷ್ಟು ದೊಡ್ಡ ಮರ್ಯಾದೆ ಸಿಕ್ಕಿದ್ದು ಅದೇ ಮೊದಲಿರಬೇಕು. ಸಭೆಯಲ್ಲಿ ಯಾರೋ ‘ಅಯ್ಯ’ ಎಂದರು. ಅಕ್ಕ ಕನ್ನಡಕದ ಮೇಲಿಂದ ನನ್ನ ಕಡೆ ತಿರುಗಿದಳು.

“ಬಸ್ಸಲ್ಲೋ, ನಕ್ಷತ್ರ! ನಕ್ಷತ್ರ ಎಣಿಸಿ, ಒಂದೊಂದನ್ನೂ ಹೆಸರು ಹಿಡದು ಕರೀತಾನ. ಲಕ್ಷ್ಯ ಎಲ್ಲೈತಿ ನಿಂದು? ನೆಟ್ಟಗ ನಿಂತು ಹೇಳು!”

ಚರ್ಚಿಗೆ ಚರ್ಚೇ ನಕ್ಕಿತು. ಹಿಂದಿನ ಬೆಂಚಿನಲ್ಲಿ ಅವಳ ಹಳೆಯ ವಿದ್ಯಾರ್ಥಿಗಳು, ಈಗ ಮೊಮ್ಮಕ್ಕಳಿರುವವರು, ನೆಟ್ಟಗೆ ಕುಳಿತುಕೊಂಡರು. ಅಲ್ಲಿಂದ ಅಕ್ಕನನ್ನು ಹಿಡಿಯುವವರಿರಲಿಲ್ಲ. ಗಂಡಸಿನ ಕಾಲಿನ ವಚನ ಅವಳ ಪಾಲಿಗೇ ಬಂದಿತ್ತು, ನನ್ನ ಕಾಲನ್ನೇ ನೋಡುತ್ತ ಹೇಳಿದಳು. ಹದಿನಾಲ್ಕರಲ್ಲಿ ಒಂದು ಸಲ ತಡವರಿಸಿದಾಗ, ದೇವರು ನಿಮ್ಮನ್ನು ಚುರುಮುರಿ ಗಿರಮಿಟ್ಟಿನಿಂದ ತೃಪ್ತಿಪಡಿಸುತ್ತಾನೆ ಎಂದೆ. “ಗೋಧಿಯಿಂದ!” ಎಂದು ಗದರಿಸಿ ಮುಂದೆ ಹೋದಳು.

ಹದಿನಾರು ಅವಳದು, ಉಣ್ಣೆಯ ಹಾಗೆ ಹಿಮ ಸುರಿಸುವ ವಚನ. ಹದಿನೇಳು ನನ್ನದು, ಆ ಚಳಿಯ ಎದುರು ಯಾರು ನಿಂತಾರು ಎಂದು ಕೇಳುವುದು. ಅಲ್ಲಿ ನಾನು ಬಾಯಿ ತೆರೆದು ಸುಮ್ಮನೆ ನಿಂತೆ. ಅಕ್ಕನೇ ತಮ್ಮನಿಗೆ ಹೇಳಿಕೊಡುವುದನ್ನು ಊರು ನೋಡಲಿ ಎಂದು ಹೂಡಿದ ಮೂರನೇ ಆಟ. ಅವಳು ನನ್ನ ಮೊಣಕೈ ಹಿಡಿದು ಒಂದೊಂದೇ ಮಾತು ಹೇಳಿಕೊಟ್ಟಳು, ನಾನು ಹಿಂದಿನಿಂದ ಹೇಳಿದೆ. ಉಳಿದ ಮೂರು ವಚನಗಳನ್ನು ಅವಳೊಬ್ಬಳೇ ಮುಗಿಸಿದಳು. ನನ್ನ ಅಕ್ಕ. ಎಂಬತ್ತೆರಡು ವರ್ಷ. ಪುಸ್ತಕ ಇಲ್ಲದೆ.

ಹೊರಗೆ ಪಾಸ್ಟರ್ ಬಂದು ಅವಳ ಎರಡೂ ಕೈ ಹಿಡಿದರು. “ಮುಂದಿನ ವರ್ಷಾನೂ ನೀವ ಹೇಳಬೇಕ್ರಿ ಅಕ್ಕೋರ. ಇವರ ಕೈಯಾಗ ಒಂದು ಬುಕ್ ಕೊಡೂಣಂತ.”

ಮನೆಗೆ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ನೋಡುತ್ತ ಅಂದಳು, “ಅಷ್ಟು ನಕ್ಷತ್ರದ ಹೆಸರು ಅಂವ ನೆನಪಿಡತಾನಂದ್ರ, ನಾ ಮರ್ತ ಹೆಸರೂ ಅಂವನ ಹತ್ರ ಇರಬೇಕಲ್ಲೋ.” ಇಷ್ಟು ವರ್ಷ ಭಾನುವಾರ ತಪ್ಪದೆ ಕೂತು ಕೇಳಿದ ಪ್ರಸಂಗಗಳಲ್ಲಿ ಇಷ್ಟು ಚಿಕ್ಕದು, ಇಷ್ಟು ಛಲೋದು ನನಗೆ ಸಿಕ್ಕಿರಲಿಲ್ಲ. ಅಲಾರಂ ಬೇಕಾಗಲಿಲ್ಲ.

ಇಷ್ಟೆಲ್ಲ ಖರೆ. ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಬಸ್ಸು ಬೇಕಂತಲೇ ಹೇಳಿದ್ದು, ಗಿರಮಿಟ್ಟೂ ಬೇಕಂತಲೇ. ಹದಿನೇಳನೆಯದು ಮಾತ್ರ ಆಟ ಆಗಿರಲಿಲ್ಲ. ನಾನು ನಿಜವಾಗಿ ಮರೆತಿದ್ದೆ. ಕೀರ್ತನೆ ಹೋಯಿತು, ಎದುರಿಗಿದ್ದ ಮುಖಗಳ ಗುರುತು ಹೋಯಿತು, ಒಂದು ಕ್ಷಣ ಎಲ್ಲಿದ್ದೇನೆ ಎಂಬುದೂ ಹೋಯಿತು. ಅಕ್ಕ ಹೋಗಿ ನಿಲ್ಲುವ ಆ ಖಾಲಿ ಜಾಗದಲ್ಲಿ ಎಷ್ಟು ಚಳಿ ಇರುತ್ತದೆ ಎಂದು ಆಗ ಗೊತ್ತಾಯಿತು. ಆಗ ಅಕ್ಕ ಗದರಿಸಲಿಲ್ಲ, ಮಂಗ್ಯಾ ಅನ್ನಲಿಲ್ಲ. ಮೈಕಿಗೆ ಕೇಳದ ಹಾಗೆ, ಸಣ್ಣ ದನಿಯಲ್ಲಿ ಹೇಳಿಕೊಟ್ಟಳು. ಅವಳಿಗೆ ಗೊತ್ತಾಗಿತ್ತು. ಪಾಸ್ಟರಿಗೆ ನೀವು ಹೇಳಬೇಡಿ.