ಇಂಜಿನ್ನಿಗೆ ನೀರೆರೆದ ಅಮಾವಾಸ್ಯೆ

ನಮ್ಮ ಮನೆಗೆ ಕಾರು ಬಂದಾಗ ಅದರ ಮುಂದಿನ ಮುಚ್ಚಳ ಎತ್ತಿದರೆ ಒಳಗೆ ಏನೇನಿದೆ ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡವಳು ನಾನೊಬ್ಬಳೇ. ನಮ್ಮ ಯಜಮಾನರು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಅವರು ಈಗಿಲ್ಲ. ಇದ್ದಿದ್ದರೂ ಇದನ್ನೇ ಬರೆಯುತ್ತಿದ್ದೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ದಾವಣಗೆರೆಯಲ್ಲಿ ನಮ್ಮದು ಆನೆಕೊಂಡದ ಕಡೆ ಮನೆ. ಯಜಮಾನರದು ಕಾಳಿನ ವ್ಯಾಪಾರ. ವರ್ಗವಾಗಿ ಹೊರಟಿದ್ದ ಯಾರೋ ಅಧಿಕಾರಿಯಿಂದ ಹಳೇ ಕಾರೊಂದನ್ನು ತಗೊಂಡರು. ಕಾರಿನ ಜೊತೆ ಅದರ ಡ್ರೈವರೂ ಬಂದು ಒಂದು ವರ್ಷ ಇದ್ದ, ಆಮೇಲೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಅಷ್ಟರಲ್ಲಿ ಯಜಮಾನರು ಅವನಿಂದ ಸ್ಟೇರಿಂಗ್ ತಿರುಗಿಸುವುದು, ಗೇರು ಹಾಕುವುದು ಕಲಿತಿದ್ದರು. ಗಾಡಿ ಕಲಿಯುವುದೆಂದರೆ ಅಷ್ಟೇ ಎಂದುಕೊಂಡಿದ್ದರು.

ಒಂದು ದಿನ ಅವರು ಮುಚ್ಚಳ ಎತ್ತಿ ನೀರು ಹಾಕುವಾಗ ಪಕ್ಕದಲ್ಲಿ ನಿಂತು ಕೇಳಿದೆ.

"ಏನ್ರಿ, ಇದೇನಿದು?"

"ಅದು ಮಿಷಿನ್ನು."

"ಮತ್ತೆ ಇದು?"

"ಅದೂ ಮಿಷಿನ್ನೇ."

"ಈ ದುಂಡಗೆ ಡಬ್ಬಿ ಹಂಗೆ ಐತಲ್ಲ, ಇದು?"

"ನಿನಗ್ಯಾಕ ಅದೆಲ್ಲ? ನೀನೇನು ಗಾಡಿ ಹೊಡೀತೀಯೇನು? ಒಲೆ ಮ್ಯಾಲೆ ಹಾಲು ಐತೆ ನೋಡು, ಹೋಗು."

ಹಾಲು ಒಲೆಯ ಮೇಲೆ ಇರಲೇ ಇಲ್ಲ. ನನಗೆ ಸಿಟ್ಟು ಬಂತು. ನನ್ನ ಅಡುಗೆಮನೆಯಲ್ಲಿ ಹೆಸರಿಲ್ಲದ ಸಾಮಾನು ಒಂದೂ ಇಲ್ಲ. ಚಮಚೆಗೊಂದು ಹೆಸರು, ಸೌಟಿಗೊಂದು ಹೆಸರು. ಮನೆಯ ಮುಂದೆ ನಿಂತಿರುವ ಇಷ್ಟು ದೊಡ್ಡ ಕಬ್ಬಿಣದ ಹೊಟ್ಟೆಯೊಳಗೆ ಮಾತ್ರ ಎಲ್ಲವೂ ಮಿಷಿನ್ನು! ಕಡೆಗೆ ನಾನೇ ಹೆಸರಿಟ್ಟುಕೊಂಡೆ. ನೀರು ಕುಡಿಯುವುದು ಹಂಡೆ. ದುಂಡಗಿರುವುದು ಒಗ್ಗರಣೆ ಡಬ್ಬಿ. ಸಾಲಾಗಿ ಬಿರಡೆ ಇರುವುದು ಭರಣಿ. ಇನ್ನೊಂದಿತ್ತು, ಎಮ್ಮೆಯ ಕೆಚ್ಚಲನ್ನು ಮೇಲೆ ಮುಖ ಮಾಡಿ ಇಟ್ಟ ಹಾಗೆ. ಎಮ್ಮೆಗಿಂತ ಒಂದು ಹೆಚ್ಚು, ಐದು ತೊಟ್ಟು, ಒಂದೊಂದು ತೊಟ್ಟಿಗೂ ಒಂದು ಕರಿ ವೈರು. ಅದು ಕೆಚ್ಚಲು. ಮಳೆಗಾಲದಲ್ಲಿ ಆ ಡ್ರೈವರು ಬೇರೆ ಯಾವುದಕ್ಕೂ ಮಾಡದೆ ಆ ಕೆಚ್ಚಲಿಗೆ ಮಾತ್ರ ನೀರು ತಾಗದ ಹಾಗೆ ಹಳೇ ಟ್ಯೂಬಿನ ತುಂಡು ಸುತ್ತುತ್ತಿದ್ದ. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಈ ಮಾತು ನೆನಪಿರಲಿ, ಮುಂದೆ ಹೇಳುವ ದಿನ ನನಗೂ ನೆನಪಿತ್ತು.

ಹರಿಹರದಲ್ಲಿ ನಮ್ಮ ಅವ್ವ ಇದ್ದಳು. ಎರಡೂ ಕಣ್ಣಿಗೆ ಪೊರೆ. ಅನ್ನದ ತಟ್ಟೆಯಲ್ಲಿ ಏನಿದೆ ಎಂದು ಬೆರಳಾಡಿಸಿ ತಿಳಿಯುವಷ್ಟಕ್ಕೆ ಬಂದಿತ್ತು. ಆಗ ಕಣ್ಣಿನ ಡಾಕ್ಟರೊಬ್ಬರು ತಿಂಗಳಿಗೊಂದು ದಿನ ಹೊರಗಿನಿಂದ ದಾವಣಗೆರೆಯ ಪಿ.ಜೆ. ಬಡಾವಣೆಯ ಆಸ್ಪತ್ರೆಯೊಂದಕ್ಕೆ ಬಂದು ಆಪರೇಷನ್ ಮಾಡುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಖಾಲಿ ಹೊಟ್ಟೆಯಲ್ಲಿ ಅಲ್ಲಿರಬೇಕು, ಮಧ್ಯಾಹ್ನದ ರೈಲಿಗೆ ಅವರು ಹೊರಟುಬಿಡುತ್ತಾರೆ. ಅವ್ವನ ಹೆಸರು ಬರೆಸಿದ್ದಾಯಿತು. "ಬಸ್ಸಿನಾಗೆ ಯಾಕ, ಮನೆಗೆ ಕಾರು ಐತಲ್ಲ, ನಾನು ಕರ್ಕೊಂಡು ಬರ್ತೀನಿ" ಎಂದು ಯಜಮಾನರು ಹೇಳಿದರು. ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅದನ್ನು ಇಲ್ಲ ಎನ್ನುವುದಿಲ್ಲ.

ಡಾಕ್ಟರು ಕೊಟ್ಟ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪಿಸುವ ಹಾಗಿಲ್ಲ. ಎತ್ತಿನ ಗಾಡಿ ಇದ್ದಾಗಲೂ ಮಾಡುತ್ತಿದ್ದೆವು, ಕಾರು ಬಂದ ಮೇಲೂ ಮಾಡಿದೆವು: ತೊಳೆಯುವುದು, ವಿಭೂತಿ ಹಚ್ಚುವುದು, ಹೂ ಮುಡಿಸುವುದು, ಕಾಯಿ ಒಡೆಯುವುದು. ಆವತ್ತು ಅವ್ವನ ಕಣ್ಣಿನ ಕೆಲಸಕ್ಕೆ ಹೊರಟ ಗಾಡಿ, ಪೂಜೆ ಜೋರಾಗಿಯೇ ಆಗಲಿ ಎಂದು ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತು ಹೇಳಿ ಮಾಡಿಸಿದರು. ಯಜಮಾನರು ಸ್ನಾನಕ್ಕೆ ಹೋಗಿದ್ದಾಗ ಹೊರಮೈಗೆ ನೀರು ಹಾಕಿದ್ದಾಯಿತು.

"ಮುಚ್ಚಳ ತೆಗಿ, ಒಳಗೂ ಹಾಕು" ಎಂದರು.

"ಒಳಗೆ ಹಾಕಬೌದಾ ಅತ್ತೆ?"

"ದೇವರಿಗೆ ಮುಖ ಅಷ್ಟೇ ತೊಳೀತಾರೇನು? ಕೆಲಸ ಮಾಡೋದು ಒಳಗಿಂದೇ ಹೌದಲ್ಲ? ಹಾಕು."

ಹಾಕಿದೆ. ಹಂಡೆಗೆ, ಡಬ್ಬಿಗೆ, ಭರಣಿಗೆ ಒಂದೊಂದು ಚೊಂಬು. ಕೆಚ್ಚಲಿಗೆ ಮಾತ್ರ ಎಣ್ಣೆ ಜಿಡ್ಡು ಹತ್ತಿತ್ತು, ಎರಡು ಚೊಂಬು ಹಾಕಿ ಉಜ್ಜಿದೆ. ಆಮೇಲೆ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಲ್ಲದಕ್ಕೂ ಎಳೆದೆ. ಎರಡನೇ ಚೊಂಬು ಸುರಿಯುವಾಗ ಆ ಟ್ಯೂಬಿನ ತುಂಡು ನೆನಪಾಯಿತು. ಆದರೂ ಸುರಿದೆ. ಅತ್ತೆ ನೋಡುತ್ತಿದ್ದರು.

ಹೊರಡುವಾಗಲೇ ಗಾಡಿ ಕೆಮ್ಮಿತು. "ಬೆಳಗಿನ ಥಂಡಿ ಅದಕ್ಕೆ" ಎಂದರು ಯಜಮಾನರು. ಕೆಮ್ಮುತ್ತ ಕೆಮ್ಮುತ್ತ ಹರಿಹರ ಮುಟ್ಟಿತು. ಅವ್ವ ಒಗೆದ ಸೀರೆಯುಟ್ಟು, ಹಿಂದಿನ ರಾತ್ರಿಯಿಂದ ಹನಿ ನೀರೂ ಮುಟ್ಟದೆ ಬಾಗಿಲಲ್ಲಿ ಕೂತಿದ್ದಳು. ಅವಳನ್ನು ಹತ್ತಿಸಿಕೊಂಡು ಹೊರಟೆವು. ಊರು ಬಿಟ್ಟು ಎರಡು ಮೈಲಿ ಬಂದಿದ್ದೆವೋ ಇಲ್ಲವೋ, ಗಾಡಿ ನಾಲ್ಕು ಸಲ ಜಗ್ಗಿ ನಿಂತೇಬಿಟ್ಟಿತು. ಎರಡೂ ಕಡೆ ಜೋಳದ ಹೊಲ, ಒಂದು ಬೇವಿನ ಮರ. ಆಗ ಒಂಬತ್ತು ಗಂಟೆ ಇದ್ದೀತು.

ಯಜಮಾನರು ಕೋಟು ಬಿಚ್ಚಿಟ್ಟು ಮುಚ್ಚಳ ಎತ್ತಿದರು. ಹಂಡೆಯ ಬಿರಡೆ ತೆಗೆಯಲು ಹೋಗಿ ಕೈ ಸುಟ್ಟುಕೊಂಡರು. ಭರಣಿಯ ಮೇಲೆ ಗುದ್ದಿದರು. ಒಗ್ಗರಣೆ ಡಬ್ಬಿಯ ತಿರುಪು ಬಿಚ್ಚಿ ಒಳಗೆ ಇಣುಕಿ ತಿರುಗಿ ಹಾಕಿದರು. ಪ್ರತಿಯೊಂದನ್ನು ಮುಟ್ಟಿದಾಗಲೂ "ಹಾಂ, ಇದೇ" ಎನ್ನುವರು. ಒಳಗೆ ಬಂದು ಕೂತು ಸ್ಟಾರ್ಟ್ ಮಾಡುವ ಗುಂಡಿ ಎಳೆದರೆ ಕುರ್ ಕುರ್ ಎಂದು ಸುಮ್ಮನಾಗುವುದು. ತಿರುಗಿ ಇಳಿಯುವರು.

"ಏನಂತೇ ಅದು?" ಎಂದಳು ಅವ್ವ.

"ಇದೇ ಅಂತೆ."

"ಯಾವುದೇ?"

"ಅವರಿಗೇ ಗೊತ್ತಿಲ್ಲ, ನನಗೆ ಹೆಂಗೆ ಗೊತ್ತಾಗತೈತೆ?"

ನನಗೆ ಗೊತ್ತಿತ್ತು. ಕಿಟಕಿಯಿಂದ ಬಗ್ಗಿ ಕೆಚ್ಚಲಿನ ಕಡೆಯೇ ನೋಡುತ್ತಿದ್ದೆ. ಆದರೆ ಏನೆಂದು ಹೇಳಲಿ? ಹೆಸರಿಲ್ಲ. "ಎಮ್ಮೆ ಕೆಚ್ಚಲಿನ ಹಂಗೆ ಇರೋದು" ಎಂದರೆ ನಗುತ್ತಾರೆ. ನೀರು ಹಾಕಿದೆ ಎಂದರೆ ನಿನ್ನ ಅವ್ವನ ಕೆಲಸ ನೀನೇ ಕೆಡಿಸಿದಿ ಎನ್ನುತ್ತಾರೆ. ಅತ್ತೆ ಹಾಕಿಸಿದರು ಎಂದರೆ ಮನೆಯಲ್ಲಿ ಆರು ತಿಂಗಳು ಅದೇ ಮಾತು. ಲೆಕ್ಕ ಹಾಕುತ್ತ ಬಾಯಿ ಮುಚ್ಚಿಕೊಂಡು ಕೂತೆ.

ಅಷ್ಟರಲ್ಲಿ ದಾವಣಗೆರೆಯ ಬಸ್ಸು ಬಂತು. ನಮ್ಮನ್ನು ನೋಡಿ ನಿಂತಿತು. "ಬರ್ರಿ, ಜಾಗ ಐತೆ" ಎಂದು ಕಂಡಕ್ಟರು ಕೂಗಿದ.

"ಹತ್ತಿಬಿಡಾನ ಕಣೇ" ಎಂದು ಅವ್ವ ಎದ್ದಳು.

"ಕೂಡ್ರಿ ಅತ್ತೆ, ಆತು, ಐದೇ ನಿಮಿಷ" ಎಂದು ಯಜಮಾನರು ಬಸ್ಸಿಗೆ ಕೈ ಬೀಸಿ ಕಳಿಸಿಬಿಟ್ಟರು. ಅಳಿಯನ ಮಾತು ಮೀರಲಾಗದೆ ಅವ್ವ ಕೂತಳು. ಬಸ್ಸು ಎಬ್ಬಿಸಿದ ಧೂಳು ಅಡಗುವವರೆಗೆ ಅದನ್ನೇ ನೋಡುತ್ತ ಕೂತೆ.

ಐದು ನಿಮಿಷ ಹೋಗಿ ಬಿಸಿಲು ನೆತ್ತಿಗೆ ಏರತೊಡಗಿತು. ಬೇರೆ ಬಸ್ಸು ಬರಲಿಲ್ಲ, ಎತ್ತಿನ ಗಾಡಿಯವರು ದಾಟಿ ಹೋದರು. ಕಡೆಗೆ ಹತ್ತಿಯ ಮೂಟೆ ಹೇರಿದ ಲಾರಿಯೊಂದು ಬಂದು ನಿಂತಿತು. ಓಡಿಸುತ್ತಿದ್ದವರು ಹರಿಹರದ ಒಬ್ಬ ಸಾಹೇಬರು, ನೆರೆತ ಗಡ್ಡ, ಹೆಗಲ ಮೇಲೆ ಒಂದು ಟವೆಲ್ಲು.

"ಏನಾಗೈತ್ರಿ ಸಾವ್ಕಾರ್ರೆ?"

"ಏನಿಲ್ಲ ಸಾಹೇಬ್ರೆ, ಸ್ವಲ್ಪ ಬಿಸಿಯಾಗೈತೆ ಅಷ್ಟೇ."

ಅವರು ಬಗ್ಗಿ ನೋಡಿ ನಕ್ಕರು. "ಅರೆ, ಇದೇನ್ರಿ, ಒಳಗಿನೋರಿಗೆಲ್ಲ ಈಬತ್ತಿ ಹಚ್ಚೀರಿ! ಬೆಳಿಗ್ಗೆ ಇದಕ್ಕೆ ನೀರು ಗೀರು ಹಾಕಿದ್ರಾ?"

"ಇಲ್ಲಪ್ಪ, ಪೂಜೆ ಮಾಡಿದ್ವಿ ಅಷ್ಟೇ. ಇಂಜಿನ್ನಿಗೆ ಯಾರು ನೀರು ಹಾಕ್ತಾರೆ?"

ಅವ್ವನ ಕೈ ನನ್ನ ಕೈಯ ಮೇಲಿತ್ತು, ಬಿಸಿಲಿಗೆ ಬೆವೆತಿತ್ತು. ಕೈ ಬಿಡಿಸಿಕೊಂಡು ಇಳಿದೆ.

"ನಾನು ಹಾಕೀನಿ" ಎಂದೆ.

"ಎಲ್ಲಿಗೆ ಹಾಕೀರಿ ಅಕ್ಕಾ?"

"ಇದಕ್ಕೆ" ಎಂದು ಕೆಚ್ಚಲಿಗೆ ಬೆರಳು ತೋರಿಸಿದೆ. "ಎರಡು ಚೊಂಬು."

ಯಜಮಾನರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಸಾಹೇಬರು ಕೆಚ್ಚಲಿನ ಎರಡು ಕಡೆಯ ಕ್ಲಿಪ್ಪು ಸರಿಸಿ ಅದರ ಮುಚ್ಚಳವನ್ನು ಟೋಪಿ ತೆಗೆದ ಹಾಗೆ ತೆಗೆದರು. ಒಳಗೆ ನೀರಿನ ಹನಿ ಮುತ್ತಿನ ಹಾಗೆ ಕೂತಿದ್ದವು. ಟವೆಲ್ಲಿನಿಂದ ಒರೆಸಿ, ಬಾಯಿಂದ ಊದಿ, ತಿರುಗಿ ಮುಚ್ಚಿದರು. "ಎಳೀರಿ ಈಗ" ಎಂದರು. ಒಂದೇ ಎಳೆತಕ್ಕೆ ಇಂಜಿನ್ನು ಹೊತ್ತಿಕೊಂಡಿತು. ಎಲೆ ಅಡಿಕೆ ಮಡಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಮೂರು ತಾಸು ನಿಂತಿದ್ದೆವು.

"ಇದಕ್ಕೆ ಏನಂತಾರೆ ಸಾಹೇಬ್ರೆ?" ಎಂದು ಕೇಳಿದೆ.

"ಡಿಸ್ಟ್ರಿಬ್ಯೂಟರ್ ಅಕ್ಕಾ. ಅಭಿಷೇಕ ಮಾಡೋದಿದ್ರೆ ಇವನೊಬ್ಬನ್ನ ಬಿಟ್ಟು ಮಾಡ್ರಿ."

ಆಸ್ಪತ್ರೆ ಮುಟ್ಟಿದಾಗ ಕಾಂಪೌಂಡರು ಕತ್ತರಿ, ಚಿಮಟ ಕುದಿಸಿದ ನೀರು ಹೊರಗೆ ಚೆಲ್ಲುತ್ತಿದ್ದ. "ಈಗ ಬಂದ್ರಾ? ಡಾಕ್ಟರು ಸ್ಟೇಷನ್ನಿಗೆ ಹೋದ್ರಲ್ಲ" ಎಂದ. ಯಜಮಾನರು ಅವನ ಮೇಲೆ ರೇಗಾಡಿದರು. ಅವನದೇನು ತಪ್ಪು? ಅವ್ವ ನನ್ನ ಕಡೆ ತಿರುಗಿ, "ಹಂಗಾದ್ರೆ ಏನಾರ ತಿನ್ನಾಕ ಕೊಡು, ಹೊಟ್ಟೆ ಹಸಿದೈತೆ" ಎಂದಳು.

ಮುಂದಿನ ತಿಂಗಳು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಎಡಗಣ್ಣಿಗೆ ಆಪರೇಷನ್ ಆಯಿತು. ಬಲಗಣ್ಣಿನ ಪೊರೆ ಬಹಳ ಬಲಿತು ಒಳಗೆ ಕೆಟ್ಟುಹೋಗಿದೆ, ಅದಕ್ಕೆ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಒಂದು ತಿಂಗಳು ಮುಂಚೆ ಬಂದಿದ್ದರೆ ಬರುತ್ತಿತ್ತಾ ಎಂದು ನಾನು ಕೇಳಲಿಲ್ಲ.

ಆ ತಿಂಗಳೊಳಗೆ ನಾನು ಇನ್ನೊಂದು ಕೆಲಸ ಮಾಡಿದ್ದೆ. ಯಜಮಾನರು ಕಾರನ್ನು ರಿಪೇರಿ ಶೆಡ್ಡಿಗೆ ಬಿಟ್ಟಿದ್ದಾಗ ನಾನೇ ಅಲ್ಲಿಗೆ ಹೋಗಿ ನಿಂತು ಒಂದೊಂದನ್ನೂ ತೋರಿಸಿ ಹೆಸರು ಕೇಳಿದೆ. "ನಿಮಗ್ಯಾಕ ತಾಯಿ ಇದೆಲ್ಲ?" ಎಂದ ಮೇಸ್ತ್ರಿ. "ಹೇಳೋ ಮಾರಾಯ, ನಿನ್ನ ಗಂಟೇನು ಹೋಗತೈತೆ?" ಎಂದೆ. ನಗುತ್ತಲೇ ಹೇಳಿದ. ಮೂರನೇ ಕ್ಲಾಸಿನ ಅಕ್ಷರದಲ್ಲಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಹಂಡೆ ರೇಡಿಯೇಟರ್ ಆಯಿತು, ಭರಣಿ ಬ್ಯಾಟರಿ ಆಯಿತು, ಒಗ್ಗರಣೆ ಡಬ್ಬಿ ಏರ್ ಕ್ಲೀನರ್ ಆಯಿತು. ಡೈನಮೋ, ಕಾರ್ಬುರೇಟರ್, ಕಾಯಿಲು, ಪ್ಲಗ್ಗು. ಬಾಯಿಪಾಠ ಮಾಡಿದೆ. ಆಮೇಲೆ ಪೂಜೆಗೆ ವಿಭೂತಿ ಒಣಗಿದ್ದನ್ನೇ ಹಚ್ಚಿದೆ. ಅತ್ತೆ ಗೊಣಗಿದರು, ಗೊಣಗಲಿ ಎಂದು ಬಿಟ್ಟೆ.

ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬಂದ ಮೇಲೆ ಅವ್ವ ನಮ್ಮ ಮನೆಗೆ ಬಂದಳು. ಬಂದವಳೇ ಚೀಲ ಕೆಳಗಿಟ್ಟು, "ಆವತ್ತು ನನ್ನ ರಸ್ತೆ ಮ್ಯಾಲೆ ಕೂಡ್ರಿಸಿದ್ದು ಯಾವುದೇ? ತೋರಿಸು" ಎಂದಳು. ಮುಚ್ಚಳ ಎತ್ತಿ ಒಂದೊಂದೇ ಹೆಸರು ಹೇಳುತ್ತ ಹೋದೆ. ಒಂದೇ ಕಣ್ಣನ್ನು ಹತ್ತಿರ ತಂದು ಎಲ್ಲವನ್ನೂ ನೋಡಿದಳು. ಡಿಸ್ಟ್ರಿಬ್ಯೂಟರ್ ತೋರಿಸಿದಾಗ ಅಲ್ಲೇ ನಿಂತಳು.

"ಇಷ್ಟೇನಾ? ಮುಷ್ಟಿಯಷ್ಟು ಐತೆ."

"ಹೂಂ, ಇಷ್ಟೇ."

"ನೀರು ಹೋಗಿದ್ದು ನಿನಗೆ ಮೊದಲೇ ಗೊತ್ತಿತ್ತಾ?"

ಸುಳ್ಳು ಹೇಳಲಿಲ್ಲ. "ಗೊತ್ತಿತ್ತು. ಆದರೆ ಹೆಸರು ಗೊತ್ತಿರಲಿಲ್ಲ ಕಣವ್ವ. ಹೆಂಗೆ ಹೇಳಬೇಕಿತ್ತು?"

ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ತಿರುಗಿ ಹಾಕಿಕೊಂಡಳು.

"ಹೆಸರು ಸುಡು ಅತ್ಲಾಗೆ. ಬೆರಳು ಇರಲಿಲ್ಲೇನು ನಿನಗೆ?" ಎಂದಳು.