ಸಂಖ್ಯೆ ಬರೆದ ಕಲ್ಲುಗಳು

ಬಸವಕಲ್ಯಾಣದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ನಾನು ಚಿತ್ರಕಲೆ ಕಲಿಸುತ್ತಿದ್ದೆ, ಅವಳು ಇತಿಹಾಸ. ನನಗಿಂತ ಆರೇಳು ವರ್ಷ ದೊಡ್ಡವಳಾದ ಅವಳನ್ನು ಅಕ್ಕಾ ಎಂದೇ ಕರೆಯುತ್ತಿದ್ದೆ. ನಾನು ಹುಮನಾಬಾದಿನಿಂದ ಬೆಳಗಿನ ಬಸ್ಸು ಹಿಡಿದು, ಎಷ್ಟೋ ಸಲ ಬುತ್ತಿ ಇಲ್ಲದೆ ಬರುತ್ತಿದ್ದೆ. ಅವಳ ಡಬ್ಬಿಯಲ್ಲಿ ನನಗೆಂದೇ ಎರಡು ರೊಟ್ಟಿ ಹೆಚ್ಚಿಗೆ ಇರುತ್ತಿದ್ದವು.

ತೊಂಬತ್ತರ ದಶಕದ ನಡುವಿನ ಮಾತು. ಒಂದು ದಿನ ಅವಳು, "ನಮ್ಮೂರಿನ ಗುಡಿ ಒಮ್ಮೆ ನೋಡು, ಆಮ್ಯಾಲ ನೀ ಬ್ಯಾರೆ ಏನೂ ಬರಿಯಂಗಿಲ್ಲ" ಅಂದಳು. ಆ ಭಾನುವಾರವೇ ಟೆಂಪೊ ಹತ್ತಿ ಅವಳ ಹಳ್ಳಿಗೆ ಹೋದೆವು.

ದೂರದಿಂದ ನೋಡಿದರೆ ಹುಲ್ಲು ಬೆಳೆದ ಕರಿಕಲ್ಲಿನ ದಿಬ್ಬ. ಹತ್ತಿರ ಹೋದಾಗ ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಹೊರಗೋಡೆಯ ತುಂಬ ಕಲ್ಲಿನ ಹೆಂಗಸರು. ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಇನ್ನೊಬ್ಬಳ ಸೆರಗನ್ನು ಕೋತಿಯೊಂದು ಜಗ್ಗುತ್ತಿದೆ, ಅವಳಿಗೆ ನಗುವೂ ಬಂದಿದೆ, ಸಿಟ್ಟೂ ಬಂದಿದೆ. ಒಳಗೆ ನವರಂಗದಲ್ಲಿ ತಿರುಗಣಿಯ ಮೇಲೆ ಕಡೆದ ಕಂಬಗಳು ಎಷ್ಟು ನುಣುಪು ಎಂದರೆ ಬಾಗಿಲಿನ ಬೆಳಕು ಅವುಗಳ ಮೈಮೇಲೆ ಜಾರುತ್ತಿತ್ತು. ಅಕ್ಕ ಕಂಬ ತಟ್ಟುತ್ತ ವಿವರಿಸಿದಳು. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ ಕಟ್ಟಿದ್ದು. ರಾಜರು ಹೋದರು, ಸುಲ್ತಾನರು ಬಂದರು, ನಿಜಾಮರೂ ಹೋದರು, ಶ್ರಾವಣ ಸೋಮವಾರ ಗಡಿಯಾಚೆಯ ಮರಾಠಿ ಊರುಗಳಿಂದ ಯಾತ್ರಿಕರು ನಡೆದು ಬರುವುದು ಮಾತ್ರ ನಿಂತಿಲ್ಲ.

"ಇಲ್ಲಿ ಗಾರೆ ಇಲ್ಲ ನೋಡು. ಕಲ್ಲಿಗೆ ಕಲ್ಲ ಬಿಗಿ. ಒಂದು ಕಲ್ಲು ಎಲ್ಲಿ ಇತ್ತಂತ ಬಾಜೂಕಿನ ಕಲ್ಲೇ ಹೇಳ್ತದ" ಅಂದಳು. ನಾನು ಆ ಕಲ್ಲುಗಳನ್ನು ನೋಡಲು ಕಲಿತದ್ದೇ ಅವಳಿಂದ.

ಮುಂದಿನ ಮೂರು ಬೇಸಿಗೆ ರಜೆ ಅಲ್ಲೇ ಕಳೆದೆ. ಅವಳು ಟೇಪು ಹಿಡಿದು ಅಳತೆ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಅವಳ ಅಜ್ಜಿ, ಊರಿಗೆಲ್ಲ ಆಯಿ, ಮಜ್ಜಿಗೆ ತಂದುಕೊಟ್ಟು ಕಂಬಕ್ಕೆ ಒರಗಿ ಕೂಡುತ್ತಿದ್ದಳು. ರಜಾಕಾರರ ಕಾಲದಲ್ಲಿ, ಗೋರ್ಟಾದಲ್ಲಿ ಮಂದಿಯನ್ನು ಕೊಂದ ಸುದ್ದಿ ಬಂದಾಗ, ಎರಡು ಮಕ್ಕಳ ತಾಯಿಯಾಗಿದ್ದ ಆಯಿ ಊರ ಹೆಂಗಸರ ಜೊತೆ ಆ ನವರಂಗದಲ್ಲೇ ಅಡಗಿದ್ದಳಂತೆ. "ಈ ಕಂಬ ಹಿಡಕೊಂಡೇ ಕುಂತಿದ್ದೆ ನೋಡವ್ವ. ಕೈ ಬಿಟ್ಟಿದ್ದಿಲ್ಲ" ಅನ್ನುತ್ತಿದ್ದಳು.

ಗುಡಿ ಸೋರುತ್ತಿತ್ತು, ಅದು ನಿಜ. ಮಳೆಗಾಲದಲ್ಲಿ ಲಿಂಗದ ಮೇಲೇ ನೀರು. ಅಕ್ಕನ ಅಣ್ಣ ಜೀರ್ಣೋದ್ಧಾರ ಸಮಿತಿಯ ಮುಖ್ಯಸ್ಥನಾದ. ಗುಡಿ ಪೂರ್ತಿ ಬಿಚ್ಚಿ, ಬುನಾದಿ ಗಟ್ಟಿ ಮಾಡಿ, ಅದೇ ಕಲ್ಲುಗಳನ್ನು ಅದೇ ಜಾಗದಲ್ಲಿ ಕೂಡಿಸುತ್ತೇವೆ ಎಂದ. ಹಿರಿಯರು ಒಪ್ಪಲಿಲ್ಲ. ಆಗ ಅಕ್ಕ ನನ್ನನ್ನು ಕೇಳಿದಳು.

"ನಿನ್ನ ಚಿತ್ರ ಎಲ್ಲಾ ತಗೊಂಡು ಬಾ. ಅಣ್ಣ ಹೇಳಿದ್ರ ರಾಜಕೀಯ ಅಂತಾರ. ನೀ ಹೇಳಿದ್ರ ನಂಬ್ತಾರ."

ಊರ ಸಭೆ ನವರಂಗದಲ್ಲೇ ಸೇರಿತು. ನಾನು ಹಾಳೆಗಳನ್ನು ಹರಡಿ, ಯಾವ ಕಲ್ಲು ಎಲ್ಲಿಗೆ ಎಂದು ತೋರಿಸಿದೆ. ಜನ ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ಆಯಿ ನನ್ನ ಮುಂಗೈ ಹಿಡಿದಳು.

"ಟೀಚರ್‌ಬಾಯಿ, ಖರೆ ಹೇಳು. ಇದು ಮತ್ತ ಹೀಂಗೇ ಆಗ್ತದೇನು?"

"ಹೀಂಗೇ ಆಗ್ತದ ಆಯಿ, ಫಿಕರ್ ಮಾಡಬ್ಯಾಡ್ರಿ" ಅಂದೆ. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ತಲೆಯಾಡಿಸಿದಳು.

ಒಂದೊಂದು ಕಲ್ಲಿಗೂ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದವರು ನಾವಿಬ್ಬರೇ. ಕೆಲಸ ಶುರುವಾದ ವರ್ಷವೇ ನನಗೆ ಹುಮನಾಬಾದಿಗೆ ವರ್ಗವಾಯಿತು, ಮಗಳೂ ಹುಟ್ಟಿದಳು. ಫೋನಿನಲ್ಲಿ ಕೇಳಿದಾಗಲೆಲ್ಲ ಅಕ್ಕನದು ಒಂದೇ ಉತ್ತರ: "ಕೆಲಸ ಬರಾಬರ್ ನಡದದ. ಬರೇ ಧೂಳು ಅದ, ಕೂಸಿನ್ನ ಕರಕೊಂಡು ಈಗ ಬರಬ್ಯಾಡ."

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಳಸಾರೋಹಣದ ಆಮಂತ್ರಣ ಬಂತು. ಮಗಳನ್ನು ಕರೆದುಕೊಂಡು ಹೋದೆ. ಅವಳಿಗೆ ಕೋತಿ ಸೆರಗು ಜಗ್ಗುವ ಹೆಂಗಸನ್ನು ತೋರಿಸಬೇಕಿತ್ತು.

ಊರ ಮುಂದೆ, ಹಳೆ ಗುಡಿ ಇದ್ದ ಜಾಗದಲ್ಲಿ, ಸಿಮೆಂಟಿನ ಗೋಪುರ ನಿಂತಿತ್ತು. ಗುಲಾಬಿ, ಹಸಿರು, ನೀಲಿ. ಒಳಗೆ ಹೊಳೆಯುವ ಟೈಲ್ಸು, ಚೌಕದ ಕಂಬಗಳು. ಬಾಗಿಲ ಪಕ್ಕ ನನ್ನ ಚಿತ್ರವೊಂದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು, ಕೆಳಗೆ "ನಮ್ಮ ಪುರಾತನ ದೇವಾಲಯ" ಎಂದು ಬರೆದಿತ್ತು. ನಾನು ಗುಡಿಯ ಹಿಂದಕ್ಕೆ ಹೋದೆ. ಹೊಸ ಕಟ್ಟೆಯ ಬುನಾದಿಯಲ್ಲಿ, ಮಣ್ಣು ಮುಚ್ಚದೆ ಉಳಿದಿದ್ದ ಒಂದು ಮೂಲೆಯಲ್ಲಿ, ನನ್ನ ಕೈಬರಹದ ಬಿಳಿ ಸಂಖ್ಯೆ ಕಂಡಿತು. ಅದರ ಪಕ್ಕದಲ್ಲಿ ಕಲ್ಲಿನ ಮೊಣಕೈಯೊಂದರ ತುಂಡು.

ಅಕ್ಕ ರೇಷ್ಮೆ ಸೀರೆಯಲ್ಲಿ ಓಡಿ ಬಂದು ನನ್ನ ಭುಜ ಹಿಡಿದಳು.

"ನಿನಗ ಗೊತ್ತಿತ್ತೇನು?" ಎಂದು ಕೇಳಿದೆ.

ಅವಳು ಸುಳ್ಳು ಹೇಳಲಿಲ್ಲ. "ಮೊದಲಿಂದ ಗೊತ್ತಿತ್ತು. ಅಣ್ಣಂದು ದೊಡ್ಡ ಗುಡಿ ಕಟ್ಟೋದೇ ವಿಚಾರ ಇತ್ತು. ನಿನಗ ಹೇಳಿದ್ರ ನೀ ಸಭಾದಾಗ ಮಾತಾಡ್ತಿದ್ದಿಲ್ಲ. ಊರ ಮಂದಿಗೆ, ಬಿಚ್ಚೂ ಮುಂದ ಕಲ್ಲು ಒಡದ್ವು ಅಂತ ಹೇಳಿದ್ವಿ."

"ಮತ್ತ ಸಂಖ್ಯೆ ಯಾಕ ಬರೆಸಿದಿ?"

"ಮಂದಿ ನೋಡಾಕತ್ತಿದ್ರಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, "ಈಗ ನೋಡು, ಎಷ್ಟು ಯಾತ್ರಿಕರು ಬರಾಕತ್ತಾರ. ಸೋರೋ ಗುಡಿ ಇಟಕೊಂಡು ಏನ್ ಮಾಡೋದಿತ್ತು?"

ಆ ಬಿಸಿಲಲ್ಲಿ ಇಬ್ಬರೂ ಒಂದೇ ಡಬ್ಬಿಯ ಬಣ್ಣಕ್ಕೆ ಕುಂಚ ಅದ್ದುತ್ತ ನಕ್ಕ ದಿನಗಳೆಲ್ಲ ಸುಳ್ಳಾಗಿದ್ದವು. ನಾನು ನಗುತ್ತಿದ್ದಾಗ ಅವಳಿಗೆ ಎಲ್ಲ ತಿಳಿದಿತ್ತು.

ಅಷ್ಟರಲ್ಲಿ ಮೈಕಿನಲ್ಲಿ ನನ್ನನ್ನು ಸನ್ಮಾನಕ್ಕೆ ಕರೆದರು. ಹೋದೆ. ಅವಳ ಅಣ್ಣ ಶಾಲು ಹೊದಿಸಲು ಕೈ ಎತ್ತಿದಾಗ ಹಿಂದೆ ಸರಿದು ಮೈಕು ಹಿಡಿದೆ. ಮುಂದಿನ ಸಾಲಿನಲ್ಲಿ ಆಯಿ ಕೂತಿದ್ದಳು.

"ಆಯಿ, ಹೀಂಗೇ ಆಗ್ತದ ಅಂತ ನಾ ನಿಮಗ ಹೇಳಿದ್ದೆ. ಆಗಲಿಲ್ಲ. ನನಗ ಸುಳ್ಳು ಹೇಳಿದ್ರು, ನಾ ಅದನ್ನೇ ಖರೆ ಅಂತ ನಿಮಗ ಹೇಳಿದೆ. ನಿಮ್ಮ ಗುಡಿ ಈ ಕಟ್ಟಿ ಬುಡಕ ಅದ."

ಮೈಕು ಬಂದ್ ಆಯಿತು, ಬ್ಯಾಂಡು ಶುರುವಾಯಿತು. ಜನ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು, ಆಮೇಲೆ ಪ್ರಸಾದಕ್ಕೆ ಎದ್ದರು. ಆಯಿ ಮಾತ್ರ ಎದ್ದು ನೇರ ಮೊಮ್ಮಗಳ ಮುಂದೆ ನಿಂತು, "ನೀನೂ ಏನವ್ವ?" ಎಂದು ಕೇಳಿದಳು. ಅಕ್ಕ ಅಳತೊಡಗಿದಳು. ಆಯಿ ಸಮಾಧಾನ ಮಾಡಲಿಲ್ಲ.

ಮುಂದಿನ ವಾರ ಆಯಿಯ ಹಟಕ್ಕೆ ಹಳ್ಳದ ದಂಡೆಯಲ್ಲಿ ಎಸೆದಿದ್ದ ಎರಡು ಕಂಬ ಮತ್ತು ಗಜಲಕ್ಷ್ಮಿಯ ಬಾಗಿಲವಾಡವನ್ನು ಟ್ರ್ಯಾಕ್ಟರಿನಲ್ಲಿ ತಂದು ಅವಳ ಹೊಲದಲ್ಲಿ ನಿಲ್ಲಿಸಿದರು. ಕಲ್ಲಿನ ಹೆಂಗಸರಲ್ಲಿ ಒಬ್ಬಳೂ ಸಿಗಲಿಲ್ಲ.

ಕೆಲ ವರ್ಷಗಳ ನಂತರ ಹುಮನಾಬಾದಿನ ಒಂದು ಮದುವೆಯಲ್ಲಿ ಅಕ್ಕ ಎದುರಾದಳು. ಕೂದಲು ಬೆಳ್ಳಗಾಗಿತ್ತು. ಹತ್ತಿರ ಬಂದು ಅರಿಶಿನ ಕುಂಕುಮ ಹಚ್ಚಿ, "ಮಗಳು ಹ್ಯಾಂಗ್ ಅದಾಳ?" ಎಂದಳು.

"ಚೆಂದ ಅದಾಳ" ಅಂದೆ.

ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಅವಳು ಕ್ಷಮೆ ಕೇಳಬಹುದೆಂದು ಎಲೆ ಎತ್ತುವವರೆಗೂ ಕಾದೆ. ಅವಳು ಪಕ್ಕದವರೊಡನೆ ಶ್ರಾವಣದ ಯಾತ್ರಿಕರಿಗಾಗಿ ಕಟ್ಟುತ್ತಿರುವ ಛತ್ರದ ಮಾತಾಡುತ್ತಿದ್ದಳು.