ಒಂದೇ ಡಬ್ಬಿ

ಆ ವಾರ ನಮ್ಮ ಮನೆಯಲ್ಲಿ ಮಾತು ನಿಂತಿದ್ದು ಒಂದು ಪುಡಿಯ ದೆಸೆಯಿಂದ. ನಾನೂ ನನ್ನ ಗಂಡನೂ ರೈಫಲ್ ಶೂಟಿಂಗಿನ ಹುಚ್ಚಿನವರು. ನನಗೆ ಅದು ಹಾಸನದ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಾಗ ಹಿಡಿದದ್ದು, ಅವನಿಗೆ ನನ್ನಿಂದ ಅಂಟಿದ್ದು. ಒಮ್ಮೆ ಹೊಡೆದ ತೋಟಾದ ಹಿತ್ತಾಳೆ ಚಿಪ್ಪನ್ನು ಎಸೆಯದೆ, ತೊಳೆದು, ಹೊಸ ಮದ್ದಿನ ಪುಡಿ ತುಂಬಿ, ಮೇಲೆ ಗುಂಡು ಕೂರಿಸಿ, ಫ್ರೀಮಾಂಟಿನ ಮನೆಯ ಗರಾಜಿನಲ್ಲಿ ನಾವೇ ತೋಟಾ ಮಾಡಿಕೊಳ್ಳುತ್ತೇವೆ. ರೈಫಲ್ಲು ಮೂರು, ಮೂರರ ಅಳತೆಯೂ ಬೇರೆ. ಹಾಗಾಗಿ ಪುಡಿಯೂ ಮೂರು ಬಗೆ: ಬೇಗ ಉರಿಯುವುದು, ನಿಧಾನ ಉರಿಯುವುದು, ಇವೆರಡರ ನಡುವಿನದು. ನಿಧಾನದ ಪುಡಿ ಇರಬೇಕಾದ ಕಡೆ ಬೇಗದ್ದು ಬಿದ್ದರೆ ರೈಫಲ್ಲೇ ಸಿಡಿದು ಮುಖಕ್ಕೆ ಬರಬಹುದು. ಅದಕ್ಕೇ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಬೇಕೆಂಬುದು ನಮ್ಮ ನಿಯಮ.

ಒಂದು ಸಂಜೆ ಗರಾಜಿಗೆ ಹೋಗಿ ನೋಡುತ್ತೇನೆ, ಮೇಜಿನ ಮೇಲೆ ಎರಡು ಡಬ್ಬಿ, ಎರಡರ ಮುಚ್ಚಳವೂ ತೆಗೆದಿದೆ. ಇವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿನಲ್ಲಿ ಮುಳುಗಿದ್ದಾನೆ. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಅವತ್ತು ಕೂಗಾಡಿಬಿಟ್ಟೆ. ಇನ್ನು ಮೂರು ಬೇಡ, ಮೂರು ರೈಫಲ್ಲಿಗೂ ಒಗ್ಗುವ ಆ ನಡುವಿನ ಪುಡಿ ಒಂದೇ ಸಾಕು ಎಂದೆ.

"ಮುದ್ದೆಗೂ ಚಪಾತಿಗೂ ದೋಸೆಗೂ ಒಂದೇ ಹಿಟ್ಟು ಅಂದ ಹಾಗಾಯ್ತು," ಅಂದ. "ಉದ್ದದ ರೈಫಲ್ಲಿನ ಗುಂಡಿಗೆ ಸ್ಪೀಡೇ ಬರಲ್ಲ."

"ಬರದಿದ್ರೆ ಬೇಡ! ಇನ್ಮೇಲೆ ಈ ಮನೇಲಿ ಒಂದೇ ಡಬ್ಬಿ ಇರ್ಬೇಕು, ಅಷ್ಟೇ!"

ಜಗಳ ನಾಲ್ಕೈದು ದಿನ ಎಳೆಯಿತು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಪಾತ್ರೆ ಕುಕ್ಕುವ ಸದ್ದಿನಲ್ಲಿ. ಕೊನೆಗೆ "ನಿನ್ನಿಷ್ಟ" ಎಂದು ಮುಖ ಊದಿಸಿಕೊಂಡು ಮಾತೇ ಬಿಟ್ಟ. ನಾನೂ ಬಿಟ್ಟೆ.

ಇದೆಲ್ಲ ನಡೆಯುವಾಗ ನಮ್ಮತ್ತೆ ಮನೆಯಲ್ಲಿದ್ದರು. ಮಂಡ್ಯದವರು, ಆರು ತಿಂಗಳಿಗೆಂದು ಬಂದಿದ್ದರು. ಬೀಗ ಹಾಕಿದ ಅಲಮಾರಿಯಲ್ಲಿ ಬಂದೂಕು ಇರುವುದು ಅವರಿಗೆ ಗೊತ್ತಿತ್ತು. ತೋಟಾ ಮನೆಯಲ್ಲೇ ತಯಾರಾಗುವುದು ಗೊತ್ತಿರಲಿಲ್ಲ. ಗರಾಜಿನ ಕಪ್ಪು ಡಬ್ಬಿಗಳನ್ನು ನೋಡಿ ಇದೇನು ಎಂದು ಕೇಳಿದಾಗ ಮಗ "ಗಿಡಕ್ಕೆ ಹಾಕೋ ಗೊಬ್ಬರ ಅವ್ವ" ಎಂದುಬಿಟ್ಟಿದ್ದ. ನಿಜ ಹೇಳಿದರೆ ಹೆದರುತ್ತಾಳೆ ಎಂದು ಅವನ ವಾದ. ನನಗದು ಹಿಡಿಸಲಿಲ್ಲ, ಆದರೆ ತಾಯಿ ಮಗನ ನಡುವೆ ಬಾಯಿ ಹಾಕಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಒಬ್ಬನೇ ರೈಫಲ್ಲು ತುಂಬಿಕೊಂಡು ಗಿಲ್‌ರಾಯ್ ಕಡೆಯ ಶೂಟಿಂಗ್ ರೇಂಜಿಗೆ ಹೊರಟ. ಗುರುವಾರ ನಾನು ಆಫೀಸಿನಲ್ಲಿದ್ದಾಗ ಹೊಸದಾಗಿ ತೋಟಾ ಮಾಡಿಟ್ಟುಕೊಂಡಿದ್ದ. ಹೋಗುವಾಗಲೂ ಮಾತಿಲ್ಲ. ಅವನು ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಚಟ್ನಿಗೆ ಹುರಿಗಡಲೆ ಬೇಕೆಂದೆ. ಅತ್ತೆ ಶೆಲ್ಫಿನಿಂದ ಹುರಿಗಡಲೆ ತುಂಬಿಟ್ಟಿದ್ದ ಒಂದು ಕಪ್ಪು ಡಬ್ಬಿ ಇಳಿಸಿ ಕೊಟ್ಟರು. ಲೇಬಲ್ಲನ್ನು ಉಜ್ಜಿ ತೆಗೆದಿದ್ದರು. ಆದರೂ ಆ ಕೆಂಪು ಮುಚ್ಚಳ ನನಗೆ ಚೆನ್ನಾಗಿ ಗೊತ್ತು. ಬೇಗ ಉರಿಯುವ ಪುಡಿಯ ಡಬ್ಬಿ ಅದು.

"ಅತ್ತೆ, ಇದ್ರಲ್ಲಿದ್ದ ಪುಡಿ ಎಲ್ಲಿ?"

"ಇನ್ನೊಂದು ಡಬ್ಬಕ್ಕೆ ಸುರುದ್ನಲ್ಲ. ಮೂರ್ರಲ್ಲೂ ಅರ್ದರ್ದ ಇತ್ತು. ಒಂದೇ ಡಬ್ಬ ಇರ್ಬೇಕು ಅಂತ ನೀನೇ ಅಲ್ವವ್ವ ಕೂಗಾಡಿದ್ದು? ಒಂದು ಗೊಬ್ಬರದ ಡಬ್ಬಕ್ಕೆ ಗಂಡ ಹೆಂಡ್ತಿ ಮಾತು ಬಿಡೋದಾ ಅಂತ ನಾನೇ ಒಂದು ಮಾಡ್ದೆ."

ಗರಾಜಿಗೆ ಓಡಿದೆ. ಮೇಜಿನ ಮೇಲೆ ನಡುವಿನ ಪುಡಿಯ ದೊಡ್ಡ ಡಬ್ಬಿ ಒಂದೇ ಕೂತಿತ್ತು. ಒಳಗಿನದನ್ನು ಬಿಳಿ ಕಾಗದದ ಮೇಲೆ ಸುರಿದು ನೋಡಿದರೆ ಉದ್ದನೆಯ ಕಡ್ಡಿಕಾಳಿನ ಜೊತೆ ಗಸಗಸೆಯಷ್ಟು ಸಣ್ಣ ಕಾಳು. ಗಂಡನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಗಾಡಿಯಲ್ಲಿ ಫೋನು ಬಾಯಿ ಮುಚ್ಚಿಸಿಡುವುದು ಅವನ ಹಳೆಯ ಚಾಳಿ. ರೇಂಜಿನ ಆಫೀಸಿಗೆ ಮಾಡಿದರೆ ರೆಕಾರ್ಡಿಂಗು. ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ.

"ಯಾವತ್ತು ಸುರುದ್ರಿ? ಅವರು ಗರಾಜಲ್ಲಿ ಕೂತು ಕೆಲಸ ಮಾಡಿದ್ರಲ್ಲ, ಅದಕ್ಕೆ ಮೊದ್ಲಾ, ಆಮೇಲಾ?"

ಆಮೇಲೆ ಎನ್ನಲಿ ಎಂದು ದೇವರನ್ನು ಬೇಡಿಕೊಂಡೆ.

"ಮೊದ್ಲೇಯ. ಅವ್ನು ಬಂದು ನೋಡಿ ಖುಷಿ ಪಡ್ಲಿ ಅಂತ. ಯಾಕವ್ವ, ಏನಾಯ್ತು?"

ಹೇಳಬಾರದೆಂದು ನಾಲಿಗೆ ಕಚ್ಚಿಕೊಂಡಿದ್ದೆ. ಕೋಪ ತಡೆಯಲಿಲ್ಲ. "ಅದು ಗೊಬ್ಬರ ಅಲ್ಲ ಅತ್ತೆ. ತೋಟಾಕ್ಕೆ ತುಂಬೋ ಮದ್ದು. ಮೂರೂ ಬೆರೆತಿದೆ. ಈಗ ಅದನ್ನ ಹೊಡೆಯೋಕೆ ಹೋಗಿದಾರೆ. ಬಂದೂಕು ಒಡೆದ್ರೆ ಕಣ್ಣು ಹೋಗುತ್ತೆ."

ಸ್ಯಾನ್ ಹೊಸೆ ದಾಟುವಾಗ ಫ್ರೀವೇ ತುಂಬ ಗಾಡಿ. ಔಟ್‌ಲೆಟ್ ಅಂಗಡಿಗಳ ಸೇಲಿಗೆ ಹೊರಟವರೆಲ್ಲ ನನ್ನ ಮುಂದೆಯೇ ಇದ್ದರು. ಒಬ್ಬೊಬ್ಬರಿಗೂ ಶಾಪ ಹಾಕಿದೆ. ಗಂಡನಿಗೂ ಹಾಕಿದೆ, ತಕ್ಷಣ ಹೆದರಿ ವಾಪಸ್ಸು ತೆಗೆದುಕೊಂಡೆ. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಗಿಲ್‌ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು; ಆ ವಾಸನೆ ಬಂದಾಗ ಊರು ಬಂತೆಂದು ತಿಳಿಯಿತು.

ರೇಂಜಿನಲ್ಲಿ ಕಾರಿನ ಬಾಗಿಲು ಹಾಕದೆಯೇ ಓಡಿದೆ. ಗುಂಡುಗಳು ಹಾರುತ್ತಿದ್ದವು. ಅಪಾಯ ಕಂಡವರು ಯಾರು ಬೇಕಾದರೂ "ಸೀಸ್ ಫೈರ್" ಎಂದು ಕೂಗಬಹುದು, ಕೂಗಿದರೆ ಎಲ್ಲರೂ ನಿಲ್ಲಿಸಲೇಬೇಕು. ಕೂಗಲು ಬಾಯಿ ತೆರೆದೆ, ಏದುಸಿರಿಗೆ ದನಿಯೇ ಹೊರಡಲಿಲ್ಲ. ಅವನು ತುದಿಯ ಮೇಜಿನಲ್ಲಿ ಉದ್ದದ ರೈಫಲ್ಲಿಗೆ ಕೆನ್ನೆ ಒತ್ತಿ ಕೂತಿದ್ದ.

ನನ್ನ ಹಿಂದಿನಿಂದ ಅತ್ತೆಯ ದನಿ ಬಂತು. "ಮಡಗ್ಲಾ ಅದ್ನ! ಮಗಾ, ಮಡಗು ಅದ್ನ!"

ಅವನ ಕಿವಿಗವಚ ಗುಂಡಿನ ಸದ್ದನ್ನಷ್ಟೇ ತಡೆಯುವಂಥದ್ದು, ಮಾತು ಕೇಳಿಸುತ್ತದೆ. ಏಕೆ, ಏನು ಎಂದು ನೋಡದೆ ರೈಫಲ್ಲು ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ. ಅಷ್ಟರಲ್ಲಿ ನನಗೂ ದನಿ ಬಂತು. "ಸೀಸ್ ಫೈರ್" ಎಂದು ಕೂಗಿದೆ, ಗುಂಡು ಹೊಡೆಯುವವರ ಸಾಲು ಪೂರ್ತಿ ನಿಂತಿತು.

ಅವನಿಗೆ ವಿಷಯ ಹೇಳಿದೆ. "ಒಂದು ಹೊಡ್ದೆ," ಅಂದ. "ಜೋರಾಗಿ ಒದೀತು. ಖಾಲಿ ಚಿಪ್ಪು ತೆಗೆಯೋಕೆ ಬೋಲ್ಟನ್ನ ಕೈಯಿಂದ ಗುದ್ದಬೇಕಾಯ್ತು. ಧೂಳಿರಬೇಕು ಅಂದ್ಕೊಂಡು ಎರಡನೇದು ಹಾಕಿದ್ದೆ."

"ಡಬ್ಬಿ ಅಷ್ಟು ತುಂಬಿದ್ದು ನೋಡಿ ಏನೂ ಅನ್ನಿಸ್ಲಿಲ್ವಾ?"

"ನೀನು ಹೊಸದು ತಂದು ಹಳೇದು ಎಸೆದೆ ಅಂದ್ಕೊಂಡೆ. ಕೇಳೋಣ ಅಂದ್ರೆ ಮಾತು ಬಿಟ್ಟಿದ್ವಲ್ಲ."

ಅತ್ತೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಕಣ್ಣನ್ನು ನೋಡಿದರು. ನೋಡಿ ಕೈಬಿಟ್ಟರು.

"ನಾನು ಹೆದರ್ತೀನಿ ಅಂತ ಗೊಬ್ಬರ ಅಂದ್ಯಾ?"

ಅವನು ತಲೆಯಾಡಿಸಿದ.

"ನೋಡು ನನ್ ಕೈಯ." ಕೈ ಚಾಚಿ ತೋರಿಸಿದರು. ಮೊಣಕೈವರೆಗೂ ನಡುಗುತ್ತಿತ್ತು. "ಹೇಳಿದ್ರೆ ಮುಟ್ತಿದ್ನೇನಪ್ಪ ನಾನು?"

ಆ ತೋಟಾಗಳನ್ನೆಲ್ಲ ಬಿಚ್ಚಿ, ಬೆರೆತ ಪುಡಿಯನ್ನು ವಿಲೇವಾರಿ ಮಾಡಿದೆವು. ಈಗ ಮೂರು ರೈಫಲ್ಲಿಗೂ ಒಂದೇ ಪುಡಿ, ಸೀಲು ಒಡೆಯದ ಡಬ್ಬಿಯಿಂದ. ಉದ್ದದ ರೈಫಲ್ಲಿನ ಸ್ಪೀಡು ಸ್ವಲ್ಪ ಕಡಿಮೆಯಾಗಿದೆ. ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ರೇಂಜಿನಿಂದ ಬಂದ ಮರುದಿನವೇ ಅತ್ತೆ ನಮ್ಮಿಬ್ಬರನ್ನೂ ಗರಾಜಿಗೆ ಕರೆದು, ಶೆಲ್ಫಿನ ಒಂದೊಂದು ವಸ್ತುವನ್ನೂ ಇದೇನು, ಅದೇನು ಎಂದು ಕೇಳಿದರು. ಅವನು ತಪ್ಪಿತಸ್ಥನ ಹಾಗೆ ನಿಂತು ಹೇಳುತ್ತಾ ಹೋದ. ಎಂಜಿನ್ ಆಯಿಲ್ಲು, ಪೇಂಟು, ಇರುವೆ ಮದ್ದು. ಕೊನೆಯಲ್ಲಿ ಕರಿಬೇವಿನ ಗಿಡಕ್ಕೆಂದು ತಂದ ಹಸಿರು ಚೀಲ ಇತ್ತು.

"ಇದು ಗೊಬ್ಬರ ಅವ್ವ," ಅಂದ.

ಅತ್ತೆ ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, "ಹೌದೇನವ್ವ?" ಎಂದು ಕೇಳಿದರು.